ಕಿವಿಗೆ ಬಂದ ತಂತಿಯ ಕಥೆ

ಶಿವನಸಮುದ್ರದಲ್ಲಿ ಕಾವೇರಿ ಇಬ್ಭಾಗವಾಗಿ ಧುಮುಕುತ್ತಾಳೆ. ಭರಚುಕ್ಕಿ ಇರುವುದು ಚಾಮರಾಜನಗರ ಜಿಲ್ಲೆಯ ಕೊಳ್ಳೇಗಾಲದ ಕಡೆ. ಗಗನಚುಕ್ಕಿ ಮಂಡ್ಯ ಜಿಲ್ಲೆಯ ಮಳವಳ್ಳಿಯ ಕಡೆ. ಅಲ್ಲಿಂದ 1902ರ ಜೂನ್ ಕೊನೆಯಲ್ಲಿ ವಿದ್ಯುತ್ತು ತಾಮ್ರದ ತಂತಿಯ ಮೇಲೆ ಹೊರಟು, 92 ಮೈಲಿ ಆಚೆಯ ಕೋಲಾರದ ಚಿನ್ನದ ಗಣಿಗಳನ್ನು ಸೇರಿತು. ಅಷ್ಟು ದೂರದ ದಾರಿಯಲ್ಲಿ ತಂತಿಯೇ ವಿದ್ಯುತ್ತನ್ನು ನುಂಗಿ ಬಿಸಿಯಾಗಿ ಬಿಡಬಾರದಲ್ಲ! ಅದಕ್ಕಾಗಿ ಎಂಜಿನಿಯರುಗಳು ಒತ್ತಡವನ್ನು ಸುಮಾರು 35 ಸಾವಿರ ವೋಲ್ಟಿಗೆ ಏರಿಸಿ, ಹರಿಯುವ ಪ್ರವಾಹವನ್ನು ಇಳಿಸಿದರು. ಪ್ರವಾಹ ಅರ್ಧಕ್ಕಿಳಿದರೆ ತಂತಿಯಲ್ಲಿ ಆಗುವ ನಷ್ಟ ಕಾಲುಭಾಗಕ್ಕಿಳಿಯುತ್ತದೆ.

ಹೆಡ್‌ಫೋನಿನ ಗಜದುದ್ದದ ತಂತಿಗೂ ಅನ್ವಯಿಸುವುದು ಇದೇ ಲೆಕ್ಕ. ಚಾಮರಾಜನಗರದಲ್ಲಾಗಲಿ ಗುಂಡ್ಲುಪೇಟೆಯಲ್ಲಾಗಲಿ ಮೊಬೈಲ್ ಅಂಗಡಿಯ ಕೊಕ್ಕೆಗೆ ನೇತುಬಿದ್ದ ಅಗ್ಗದ ತಂತಿಯನ್ನು ಕೈಗೆತ್ತಿಕೊಂಡವರಿಗೆ, ಇದರಲ್ಲಿ ಹಾಡು ಕೆಟ್ಟು ಬರುವುದಿಲ್ಲವೇ ಎಂಬ ಅನುಮಾನ ಸಹಜ. ಹತ್ತಾರು ಪಟ್ಟು ಬೆಲೆಯ ತಂತಿಗಳೂ ಪ್ರಪಂಚದಲ್ಲಿ ಮಾರಾಟವಾಗುತ್ತಿರುವುದರಿಂದ ಅನುಮಾನಕ್ಕೆ ಬಲ ಬಂದಿದೆ.

ಮೊದಲಿಗೆ ಈ ತಂತಿಯ ಪೂರ್ವಜರನ್ನು ನೋಡಬೇಕು. ಕಾಲಿಂಚು ದಪ್ಪದ ಹಳೆಯ ಪ್ಲಗ್ಗು ಹುಟ್ಟಿದ್ದು ಸಂಗೀತಕ್ಕಲ್ಲ, 19ನೆಯ ಶತಮಾನದ ಟೆಲಿಫೋನ್ ವಿನಿಮಯ ಕೇಂದ್ರಗಳಿಗೆ. ಅಲ್ಲಿ ಆಪರೇಟರು ದಿನಕ್ಕೆ ನೂರಾರು ಸಲ ಅದನ್ನು ಚುಚ್ಚಿ ಕೀಳಬೇಕಿತ್ತು. ಬರಿಯ ತಾಮ್ರದ ಎಳೆ ಅಷ್ಟು ಬಾಗಾಟ ತಾಳದು. ಆದ್ದರಿಂದ ನೂಲಿನ ಮೇಲೆ ತೆಳು ತಾಮ್ರದ ತಗಡನ್ನು ಸುತ್ತಿ, ಅಂಥ ಎಳೆಗಳನ್ನು ಸೇರಿಸಿ ಹಗ್ಗ ಹೊಸೆದರು. ಜರಿಯ ಎಳೆ ಮಾಡಿದ ಹಾಗೆ. ಜಗ್ಗಿದರೂ ಬಾಗಿಸಿದರೂ ಕಡಿಯದ ತಂತಿ ಸಿಕ್ಕಿತು. ರೇಡಿಯೊ ಬಂದಾಗ ಹೆಡ್‌ಫೋನು ಅನಿವಾರ್ಯವಾಯಿತು. ಹರಳಿನ ರೇಡಿಯೊಗೆ ಬ್ಯಾಟರಿಯೂ ಇಲ್ಲ, ಧ್ವನಿವರ್ಧಕವೂ ಇಲ್ಲ. ಆಕಾಶದಿಂದ ಬಂದಷ್ಟೇ ಶಕ್ತಿಯಲ್ಲಿ ಕಿವಿಯ ತಗಡು ನಡುಗಬೇಕು. ಅದಕ್ಕೆಂದು ಹೆಡ್‌ಫೋನಿನೊಳಗೆ ಕೂದಲೆಳೆಯಂಥ ತಂತಿಯನ್ನು ಸಾವಿರಾರು ಸುತ್ತು ಸುತ್ತಿ, ಅದರ ತಡೆಯನ್ನು ಸಾವಿರಾರು ಓಮ್‌ಗೆ ಏರಿಸುತ್ತಿದ್ದರು.

1935ರ ಸೆಪ್ಟೆಂಬರಿನಲ್ಲಿ ಮೈಸೂರಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಿಂದಲೇ 30 ವ್ಯಾಟಿನ ಪುಟ್ಟ ಯಂತ್ರವಿಟ್ಟು ಪ್ರಸಾರ ಆರಂಭಿಸಿದರು. ಅದಕ್ಕೆ ಇಟ್ಟ ಹೆಸರು ‘ಆಕಾಶವಾಣಿ’. ಮುಂದೆ ಇಡೀ ದೇಶದ ರೇಡಿಯೊಗೇ ಆ ಹೆಸರಾಯಿತು. ಒಂದು ಸಾಧಾರಣ ಬಲ್ಬಿನಷ್ಟು ಶಕ್ತಿಯೂ ಇಲ್ಲದ ಆ ಯಂತ್ರ ನೆನಪಿದ್ದರೆ ಒಳ್ಳೆಯದು. ಕೇಳುವ ಆಸೆ ಇದ್ದರೆ ಸಲಕರಣೆ ಎಷ್ಟು ಸಣ್ಣದಿದ್ದರೂ ನಡೆಯುತ್ತಿತ್ತು.

1979ರಲ್ಲಿ ಜಪಾನಿನಿಂದ ವಾಕ್‌ಮನ್ ಬಂದ ಮೇಲೆ ಮೂರೂವರೆ ಮಿಲಿಮೀಟರಿನ ಪ್ಲಗ್ಗು ಎಲ್ಲರ ಜೇಬು ಸೇರಿತು. ಎರಡು ಸಣ್ಣ ಸೆಲ್ಲಿನಿಂದ ನಡೆಯಬೇಕಾದ್ದರಿಂದ ಹೆಡ್‌ಫೋನಿನ ತಡೆಯನ್ನೂ ಇಳಿಸಿದರು. ಈಗ ಸಾಮಾನ್ಯವಾಗಿ ಅದು 32 ಓಮ್‌ನ ಆಸುಪಾಸು. ಸರಿಸುಮಾರು ಅದೇ ಕಾಲಕ್ಕೆ ಅಮೆರಿಕದಲ್ಲಿ ದುಬಾರಿ ತಂತಿಯ ವ್ಯಾಪಾರವೂ ತಲೆಯೆತ್ತಿತು. ಶುದ್ಧ ತಾಮ್ರ, ಬೆಳ್ಳಿಯ ಲೇಪ, ಚಿನ್ನದ ಪ್ಲಗ್ಗು ಎಂಬ ಮಾತುಗಳು ಅಲ್ಲಿಂದ ಹರಡಿದವು.

ಈಗ ಲೆಕ್ಕ. ನಾಲ್ಕು ಅಡಿ ಉದ್ದದ ತೆಳು ತಾಮ್ರದ ತಂತಿಯಲ್ಲಿ ಹೋಗಿಬರುವ ದಾರಿಯ ತಡೆ ಸುಮಾರು ಅರ್ಧ ಓಮ್. 32 ಓಮ್‌ನ ಹೆಡ್‌ಫೋನಿಗೆ ಅದರಿಂದ ಆಗುವ ನಷ್ಟ ಡೆಸಿಬಲ್ಲಿನ ಏಳನೆಯ ಒಂದು ಭಾಗ ಮಾತ್ರ. ದನಿಯ ಗುಂಡಿಯನ್ನು ಕೂದಲೆಳೆಯಷ್ಟು ತಿರುಗಿಸಿದರೆ ಸರಿಹೋಯಿತು. ಬೆಳ್ಳಿ ತಾಮ್ರಕ್ಕಿಂತ ಉತ್ತಮ ವಾಹಕವೆಂಬುದು ನಿಜ, ಆದರೆ ನೂರಕ್ಕೆ ಆರರಷ್ಟು. ಚಿನ್ನವಂತೂ ತಾಮ್ರಕ್ಕಿಂತ ಕಡಿಮೆಯೇ. ಅದನ್ನು ಲೇಪಿಸುವುದು ಕಿಲುಬು ಹಿಡಿಯದಿರಲೆಂದು. ಕಿವಿಯೊಳಗೆ ಕೂರುವ ಕೆಲವು ಬೆಲೆಬಾಳುವ ಸಾಧನಗಳ ತಡೆ ಮಾತ್ರ ಕೆಲವು ಸ್ವರಗಳಲ್ಲಿ ನಾಲ್ಕೈದು ಓಮ್‌ಗೆ ಇಳಿಯುವುದುಂಟು. ಅಲ್ಲಿ ತಂತಿಯ ಅರ್ಧ ಓಮ್ ಕೂಡ ತೂಗೀತು.

ಈ ಸೀಮೆಯಲ್ಲಿ ಪರೀಕ್ಷೆಗೆ ಕಂಸಾಳೆಗಿಂತ ತಕ್ಕ ವಾದ್ಯ ಸಿಗಲಾರದು. ಮಲೆ ಮಹದೇಶ್ವರನ ಗುಡ್ಡರು ಕಂಚಿನ ಬಟ್ಟಲಿಗೆ ಬಟ್ಟಲು ಹೊಡೆದಾಗ ಏಳುವ ಚೂಪು ನಾದ, ಅದು ಆರುತ್ತ ಹೋಗುವ ರೀತಿ, ಕೆಟ್ಟ ಧ್ವನಿಮುದ್ರಿಕೆಯಲ್ಲಿ ಮೊದಲು ಹಾಳಾಗುವಂಥವು. ಹಳೆಯ ಕ್ಯಾಸೆಟ್ಟಿನಲ್ಲಿ ಅದು ಟೇಪಿನ ಸುಯ್ ಸದ್ದಿನಲ್ಲಿ ಮುಳುಗುತ್ತಿತ್ತು. ಅತಿಯಾಗಿ ಕುಗ್ಗಿಸಿದ ಮೊಬೈಲ್ ಹಾಡಿನಲ್ಲಿ ಒಡೆದ ತಗಡಿನಂತಾಗುತ್ತದೆ. ನೀಲಗಾರರ ತಂಬೂರಿಯ ಗುಂಯ್‌ಗುಡುವಿಕೆ ಇದಕ್ಕಿಂತ ಸುಲಭವಾಗಿ ಬಚಾವಾಗುತ್ತದೆ. ಈ ಎರಡು ಕೆಡುಕುಗಳಿಗೂ ತಂತಿ ಕಾರಣವಲ್ಲ. ತಂತಿ ಬದಲಿಸಿದರೆ ಅವು ಹೋಗುವುದೂ ಇಲ್ಲ.

ಆದರೂ ಹೊಸ ತಂತಿ ಹಾಕಿದವರಿಗೆ ದನಿ ತಿಳಿಯಾದಂತೆ ತೋರುವುದು ಸುಳ್ಳಲ್ಲ. ಹಣ ಕೊಟ್ಟ ಮನಸ್ಸು ಹೆಚ್ಚು ಗಮನವಿಟ್ಟು ಕೇಳುತ್ತದೆ. ಅನುಮಾನವಿದ್ದವರು ಮನೆಯಲ್ಲೇ ಪರೀಕ್ಷಿಸಬಹುದು. ಒಂದೇ ಹಾಡು, ಒಂದೇ ಗಟ್ಟಿತನ. ಕೇಳುವವರು ಕಣ್ಣು ಮುಚ್ಚಿರಬೇಕು, ಮನೆಯ ಇನ್ನೊಬ್ಬರು ನಾಣ್ಯ ಚಿಮ್ಮಿ ತಂತಿ ಬದಲಿಸಬೇಕು. ಹತ್ತರಲ್ಲಿ ಆರೇಳು ಸಲ ಸರಿಯಾಗಿ ಹೇಳಿದರೆ ಅದು ಬರಿಯ ಊಹೆಯಿಂದಲೂ ಆಗುವಂಥದು. ಒಂಬತ್ತೋ ಹತ್ತೋ ಸರಿಯಾದರೆ ವ್ಯತ್ಯಾಸವಿದೆಯೆಂದು ಒಪ್ಪಬೇಕಾಗುತ್ತದೆ. ಊಹೆಯಿಂದ ಹಾಗಾಗುವ ಸಂಭವ ನೂರಕ್ಕೆ ಒಂದರಷ್ಟು.

ಅಗ್ಗದ ತಂತಿ ನಿಜವಾಗಿ ಸೋಲುವ ಜಾಗ ಬೇರೆ. ಪ್ಲಗ್ಗಿನ ಕುತ್ತಿಗೆಯಲ್ಲಿ, ತಂತಿ ಬಾಗುವ ಕಡೆ, ಎಳೆಗಳು ಒಂದೊಂದಾಗಿ ಕಡಿದು ಒಂದು ಕಿವಿ ಸತ್ತುಹೋಗುತ್ತದೆ. ಕೆಲವು ತಂತಿಗಳಲ್ಲಿ ಇರುವುದು ತಾಮ್ರದ ಲೇಪ ಹೊದ್ದ ಅಲ್ಯೂಮಿನಿಯಂ. ಅದು ಇನ್ನೂ ಬೇಗ ಮುರಿಯುತ್ತದೆ. ಮುರಿದ ಕಡೆ ಕತ್ತರಿಸಿ, ಎಳೆಗಳ ಮೇಲಿನ ಬಣ್ಣದ ಅರಗನ್ನು ಕೆರೆದು ತೆಗೆದು, ಹೊಸ ಪ್ಲಗ್ಗಿಗೆ ಬೆಸುಗೆ ಹಾಕಿದರೆ ಸತ್ತ ಕಿವಿ ಮತ್ತೆ ಕೇಳುತ್ತದೆ. ಸಾಮಾನ್ಯವಾಗಿ ಕೆಂಪೆಳೆ ಬಲಗಿವಿಗೆ, ಹಸಿರೋ ನೀಲಿಯೋ ಎಡಗಿವಿಗೆ, ತಾಮ್ರದ ಬಣ್ಣದ್ದು ಎರಡಕ್ಕೂ ಸೇರಿದ ಮರಳುದಾರಿಗೆ.