ಟಿಕೇಟಿನ ಮೋಸ: ಹುಂಡಿಯಿಂದ ಮೊಬೈಲಿನವರೆಗೆ

ಹೋದ ವರ್ಷ ದೀಪಾವಳಿಯ ಮುಂಚಿನ ಮಾತು. ನಮ್ಮ ವಠಾರದ ಹಿರಿಯರೊಬ್ಬರು ಹೆಂಡತಿಯೊಡನೆ ಧಾರವಾಡಕ್ಕೆ ಹೊರಟಿದ್ದರು. ಅಲ್ಲಿ ಮಗಳ ಕುಬಸದ ಕಾರ್ಯ. ರೈಲಿನಲ್ಲಿ ಜಾಗ ಸಿಕ್ಕಿರಲಿಲ್ಲ. ಆಗ ಮೊಬೈಲಿನಲ್ಲಿ ಹುಡುಕುತ್ತ ಹುಡುಕುತ್ತ ಒಬ್ಬ ಏಜೆಂಟನ ನಂಬರು ದೊರೆಯಿತು. ಆತ ಒಳ್ಳೆಯ ಕನ್ನಡದಲ್ಲಿಯೇ ಮಾತನಾಡಿ, ‘ಕೋಟಾದೊಳಗೆ ಪಕ್ಕಾ ಸೀಟು ಕೊಡಿಸತೀನಿ’ ಎಂದ. ಇವರು ಯುಪಿಐ ಮೂಲಕ ಹಣ ಕಳಿಸಿದರು. ಐದು ನಿಮಿಷದಲ್ಲಿ ಟಿಕೇಟಿನ ಚಿತ್ರವೂ ಬಂದಿತು. ಪುಣೆ ಸ್ಟೇಷನ್ನಿನಲ್ಲಿ ಗಾಡಿ ಹತ್ತಿ ಕುಳಿತ ಮೇಲೆ ಟಿಕೇಟು ಪರೀಕ್ಷಕರು ನೋಡಿ, ಆ ಸೀಟು ಬೇರೆಯವರದೆಂದೂ ಈ ಟಿಕೇಟು ಖೊಟ್ಟಿಯೆಂದೂ ಹೇಳಿ ಇಳಿಸಿದರು. ‘ಯಾರಿಗೆ ರೊಕ್ಕಾ ಕೊಟ್ಟೆನೋ ಅವನ ಮಾರಿ ಸೈತ ನಾ ನೋಡಿಲ್ಲರೀ’ ಎಂದು ಅವರು ಆಮೇಲೆ ಹೇಳಿದ್ದು ಇನ್ನೂ ನನ್ನ ಕಿವಿಯಲ್ಲಿದೆ.

ಬ್ಯಾಂಕಿನಲ್ಲಿ ಅವರಿಗೆ ಸಿಕ್ಕ ಉತ್ತರ ಒಂದೇ: ‘ಪಿನ್ ಒತ್ತಿದವರು ನೀವೇ ಅಲ್ಲವೇ?’ ಈ ಒಂದು ಪ್ರಶ್ನೆಯ ಹಿಂದೆ ದೊಡ್ಡದೊಂದು ಇತಿಹಾಸವಿದೆ. ಮುಖ ಕಾಣದವನಿಗೆ ಹಣ ಕೊಡುವುದು ಇಂದು ಹುಟ್ಟಿದ ಪದ್ಧತಿಯಲ್ಲ. ಹಾಗೆ ಕೊಟ್ಟವನನ್ನು ಕಾಯುವ ಉಪಾಯಗಳೂ ಇಂದಿನವಲ್ಲ. ಅವುಗಳಲ್ಲಿ ಯಾವುದು ಎಲ್ಲಿಯವರೆಗೆ ಕಾಯುತ್ತಿತ್ತು, ಎಲ್ಲಿ ಕೈಬಿಡುತ್ತಿತ್ತು ಎಂಬುದನ್ನು ನೋಡುವುದು ಊರು ಬಿಟ್ಟು ಬಂದ ನಮಗೆ ಉಪಯೋಗದ ಸಂಗತಿ. ಏಕೆಂದರೆ ಹಬ್ಬ ಬಂತೆಂದರೆ ಟಿಕೇಟಿಗಾಗಿ ಹಂಬಲಿಸುವವರು ನಾವೇ.

ಮೊದಲು ಹುಂಡಿಯ ಮಾತು. ನಮ್ಮ ಪೇಟೆಗಳ ಸಾಹುಕಾರರು ಊರಿಂದೂರಿಗೆ ಹಣ ಸಾಗಿಸಲು ಹುಂಡಿಗಳನ್ನು ಬರೆಯುತ್ತಿದ್ದರು. ಅವುಗಳಲ್ಲಿ ‘ಶಾಹಜೋಗ’ ಎಂಬ ಒಂದು ಬಗೆಯಿತ್ತು. ಅದರ ಹಣವನ್ನು ದಾರಿಹೋಕನಿಗೆ ಕೊಡುವಂತಿರಲಿಲ್ಲ; ಪೇಟೆಯಲ್ಲಿ ಪ್ರತಿಷ್ಠೆಯುಳ್ಳ ‘ಶಾಹ’ನಿಗೆ ಮಾತ್ರ ಕೊಡಬೇಕು. ಮುಂದೆ ಆ ಹುಂಡಿ ಕಳವಿನದೆಂದೋ ಖೊಟ್ಟಿಯೆಂದೋ ತಿಳಿದುಬಂದರೆ ಹಣ ಪಡೆದ ಶಾಹನೇ ಅದನ್ನು ಮರಳಿಸಲು ಬದ್ಧ. ಇಂಗ್ಲಿಷರ ಕೋರ್ಟುಗಳು ಕೂಡ ಈ ವಾಡಿಕೆಯನ್ನು ಮನ್ನಿಸಿದವು. ಇದರ ತಿರುಳು ಸರಳವಾದುದು: ಕೊಡುವವನಿಗೂ ಪಡೆಯುವವನಿಗೂ ನಡುವೆ, ಓಡಿಹೋಗಲಾರದ ಒಬ್ಬ ಮನುಷ್ಯ ನಿಂತಿರಬೇಕು. ಅವನ ಅಂಗಡಿ ಅಲ್ಲೇ ಇದೆ, ಮನೆ ಅಲ್ಲೇ ಇದೆ, ಮರ್ಯಾದೆಯೂ ಅಲ್ಲೇ ಇದೆ.

ಅನಂತರ ಆ ಜಾಗಕ್ಕೆ ಅಂಚೆ ಇಲಾಖೆ ಬಂದಿತು. 1877ರಲ್ಲಿ ಭಾರತದಲ್ಲಿ ವಿ.ಪಿ. ಪದ್ಧತಿ ಆರಂಭವಾಯಿತು. ಪುಸ್ತಕ, ಔಷಧಿ, ಕೈಗಡಿಯಾರ ಇವುಗಳನ್ನು ವಿ.ಪಿ. ಮೂಲಕ ತರಿಸಿಕೊಂಡ ನೆನಪು ನಮ್ಮ ಹಿರಿಯರಿಗೆಲ್ಲ ಉಂಟು. ಅಂಚೆಯವನಿಗೆ ಹಣ ಕೊಟ್ಟ ಮೇಲೆಯೇ ಕಟ್ಟು ಬಿಚ್ಚಬೇಕು. ಬಿಚ್ಚಿದರೆ ಒಳಗೆ ಕಲ್ಲು! ಇಂಥ ಮೋಸಗಳ ಅರಿವು ಸರಕಾರಕ್ಕೂ ಇದ್ದಿತು. ಆದುದರಿಂದಲೇ 1898ರ ಅಂಚೆ ಕಾಯಿದೆಯಲ್ಲಿ ಎರಡು ಮಾತು ಸೇರಿದವು. ಕಳಿಸುವವನು ತಾನು ನಿಜವಾದ ಬೇಡಿಕೆಯ ಮೇರೆಗೇ ಕಳಿಸುತ್ತಿರುವೆನೆಂದು ಹೇಳಿಕೆ ಕೊಡಬೇಕೆಂದು ನಿಯಮ ಮಾಡಬಹುದು. ಮೋಸವಾದಲ್ಲಿ ವಸೂಲಾದ ಹಣವನ್ನು ತಡೆಹಿಡಿದು, ತರಿಸಿಕೊಂಡವನಿಗೇ ಮರಳಿಸುವ ನಿಯಮವನ್ನೂ ಮಾಡಬಹುದು. ಇಂದು ನಾವು ಕೊಳ್ಳುವವನ ರಕ್ಷಣೆ ಎನ್ನುವುದರ ಬೀಜ ಇಲ್ಲಿದೆ. ಆದರೆ ಹಣ ಇನ್ನೂ ಅಂಚೆಯ ಪೆಟ್ಟಿಗೆಯಲ್ಲಿರುವಾಗಲೇ ದೂರು ಹೋಗಬೇಕು. ಕಳಿಸಿದವನ ಕೈಸೇರಿದ ಹಣದ ಬೆನ್ನುಹತ್ತುವುದು ಆಗಲೂ ಕಷ್ಟವೇ ಆಗಿತ್ತು.

ಇನ್ನು ರೈಲಿನ ಕಡೆಗೆ ಬರೋಣ. ಪುಣೆಗೆ ರೈಲು ಬಂದದ್ದು 1858ರಲ್ಲಿ. ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೆ ದಕ್ಷಿಣ ಮರಾಠಾ ರೈಲ್ವೆಯವರ ಮೀಟರ್‌ಗೇಜ್ ಹಳಿ ಮೀರಜ, ಬೆಳಗಾವಿ, ಲೋಂಡಾಗಳ ಮೇಲೆ ಹಾಯ್ದು ಪುಣೆಯನ್ನು ಕನ್ನಡ ನಾಡಿಗೆ ಜೋಡಿಸಿತು. ನಮ್ಮಲ್ಲಿ ಎಷ್ಟೋ ಮನೆತನಗಳು ಆ ಹಳಿಯ ಮೇಲೆಯೇ ಈ ಊರಿಗೆ ಬಂದವು. ಮುಂದೆ ಜನ ಹೆಚ್ಚಿದಂತೆ ಜಾಗ ಕಾಯ್ದಿರಿಸುವ ಪದ್ಧತಿ ಬೆಳೆಯಿತು. ಅದರ ಬೆನ್ನಿಗೇ ದಲಾಲರೂ ಬೆಳೆದರು. ಬೆಳಗಿನ ಜಾವದಿಂದಲೇ ಆಳುಗಳನ್ನು ಪಾಳಿಯಲ್ಲಿ ನಿಲ್ಲಿಸಿ, ಸುಳ್ಳು ಹೆಸರುಗಳಲ್ಲಿ ಸೀಟು ಹಿಡಿದು, ಅಡಚಣೆಯಲ್ಲಿದ್ದವರಿಗೆ ದುಪ್ಪಟ್ಟು ಬೆಲೆಗೆ ಮಾರುವುದು ಇವರ ಕಸುಬು. ಸಿನೆಮಾ ಥಿಯೇಟರಿನ ಮುಂದೆ ‘ಬ್ಲ್ಯಾಕ್’ ಮಾರುವವನಿಗೂ ಇವರಿಗೂ ಭೇದವಿರಲಿಲ್ಲ. ಆದರೂ ಒಂದು ಮಾತು ನಿಜ. ಆ ದಲಾಲನಿಗೆ ಮುಖವಿತ್ತು. ಮಾರನೆಯ ದಿನವೂ ಅವನು ಅದೇ ಕಂಬದ ಹತ್ತಿರ ನಿಲ್ಲುತ್ತಿದ್ದ.

1989ರ ರೈಲ್ವೆ ಕಾಯಿದೆಯ 143ನೆಯ ಕಲಮು ಈ ಧಂದೆಯನ್ನು ಅಪರಾಧವೆಂದು ಸಾರಿತು. ರೈಲ್ವೆಯ ನೌಕರನಾಗಲಿ ಅಧಿಕೃತ ಏಜೆಂಟನಾಗಲಿ ಅಲ್ಲದವನು ಟಿಕೇಟು ಕೊಂಡು ಮಾರುವ ವ್ಯಾಪಾರ ನಡೆಸಿದರೆ ಮೂರು ವರ್ಷಗಳವರೆಗೆ ಸಜೆ, ಇಲ್ಲವೆ 10,000 ರೂಪಾಯಿಗಳವರೆಗೆ ದಂಡ, ಇಲ್ಲವೆ ಎರಡೂ. ಅಷ್ಟರಲ್ಲಿ, 1985ರಲ್ಲಿ, ದಿಲ್ಲಿಯಲ್ಲಿ ಕಂಪ್ಯೂಟರಿನ ಮೂಲಕ ಕಾಯ್ದಿರಿಸುವ ಪ್ರಯೋಗ ನಡೆದಿತ್ತು. 1997ರಲ್ಲಿ ತತ್ಕಾಲ್ ಬಂದಿತು. 2002ರ ಆಗಸ್ಟಿನಲ್ಲಿ ಐಆರ್‌ಸಿಟಿಸಿ ಇಂಟರ್ನೆಟ್ಟಿನಲ್ಲಿ ಟಿಕೇಟು ಮಾರತೊಡಗಿತು. ಮೊದಮೊದಲು ಆ ಟಿಕೇಟು ಕೊರಿಯರಿನವನ ಕೈಯಲ್ಲಿ ಮನೆಗೆ ಬರುತ್ತಿತ್ತು. 2005ರಲ್ಲಿ ಇ-ಟಿಕೇಟು ಬಂದ ಮೇಲೆ ಅದೂ ಬೇಡವಾಯಿತು.

ಪಾಳಿ ಹೋಯಿತು, ದಲಾಲನೂ ಹೋದಾನು ಎಂದು ಜನ ನಂಬಿದರು. ದಲಾಲ ಹೋಗಲಿಲ್ಲ, ಅವನ ಮುಖ ಮಾತ್ರ ಹೋಯಿತು. ಮನುಷ್ಯನ ಬೆರಳಿಗಿಂತ ಬೇಗ ಓಡಿ ತತ್ಕಾಲ್ ಸೀಟುಗಳನ್ನು ಬಾಚಿಕೊಳ್ಳುವ ಕಳ್ಳ ಸಾಫ್ಟ್‌ವೇರುಗಳು ಬಂದವು. ಇಂಥದೊಂದನ್ನು ತಯಾರಿಸಿದ ಆರೋಪದ ಮೇಲೆ 2017ರ ಡಿಸೆಂಬರಿನಲ್ಲಿ ಸಿಬಿಐ ತನ್ನದೇ ಒಬ್ಬ ಸಹಾಯಕ ಪ್ರೋಗ್ರಾಮರನನ್ನು ಬಂಧಿಸಬೇಕಾಯಿತು! 2023ರಲ್ಲಿ ಐಆರ್‌ಸಿಟಿಸಿ ತನ್ನ ಹೆಸರಿನಲ್ಲಿಯೇ ಹರಿದಾಡುತ್ತಿದ್ದ ಖೊಟ್ಟಿ ಆ್ಯಪಿನ ಬಗ್ಗೆ ಎಚ್ಚರಿಕೆ ಕೊಟ್ಟಿತು. ಇಂಟರ್ನೆಟ್ಟು ಬರುವ ಮುನ್ನ ಬರೆದ 143ನೆಯ ಕಲಮು ಇ-ಟಿಕೇಟಿಗೂ ಅನ್ವಯಿಸುವುದೇ ಎಂಬ ಪ್ರಶ್ನೆ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಅನ್ವಯಿಸುತ್ತದೆ ಎಂದು 2025ರ ಜನವರಿ 9ರಂದು ತೀರ್ಪು ಬಂದಿತು. ಅದೇ ವರ್ಷದ ಜುಲೈಯಿಂದ ಆನ್‌ಲೈನ್ ತತ್ಕಾಲ್ ಟಿಕೇಟಿಗೆ ಆಧಾರ್ ಗುರುತು ಕಡ್ಡಾಯವಾಯಿತು. ಮೊದಲ ಅರ್ಧ ಗಂಟೆ ಏಜೆಂಟರಿಗೆ ತಡೆಯೂ ಬಿದ್ದಿತು.

ಇವೆಲ್ಲ ಟಿಕೇಟಿನ ಕಾವಲು. ಹಣದ ಕಾವಲೇನು? ಅಮೇರಿಕೆಯಲ್ಲಿ 1974ರ ಒಂದು ಕಾಯಿದೆ, ಕ್ರೆಡಿಟ್ ಕಾರ್ಡನ್ನು ಬೇರೆಯವರು ದುರುಪಯೋಗ ಮಾಡಿದರೆ ಅಥವಾ ಕೊಂಡ ವಸ್ತು ಕೈಸೇರದಿದ್ದರೆ, ಬಿಲ್ಲಿನ ಬಗ್ಗೆ ತಕರಾರು ಎತ್ತುವ ಹಕ್ಕನ್ನು ಗಿರಾಕಿಗೆ ಕೊಟ್ಟಿತು. ಕಾರ್ಡಿನ ವ್ಯವಹಾರದಲ್ಲಿ ಬ್ಯಾಂಕು ಹಳೆಯ ಶಾಹನಂತೆ ನಡುವೆ ನಿಂತಿರುತ್ತದೆ. ವ್ಯಾಪಾರಿಯ ಬ್ಯಾಂಕಿನಿಂದ ಹಣ ಹಿಂದಕ್ಕೆ ಕೇಳುವ ದಾರಿ ಇರುತ್ತದೆ. 2016ರಲ್ಲಿ ಬಂದ ಯುಪಿಐಯ ರೀತಿ ಬೇರೆ. ಅದು ನಗದು ಕೊಟ್ಟ ಹಾಗೆ. ಕ್ಷಣದಲ್ಲಿ ಹಣ ಆ ಕಡೆಯ ಖಾತೆಗೆ ಬಿದ್ದಿರುತ್ತದೆ, ಅಲ್ಲಿಂದ ಇನ್ನೊಂದಕ್ಕೆ, ಮತ್ತೊಂದಕ್ಕೆ. ನಡುವೆ ಹಣ ಹಿಡಿದು ನಿಂತವರು ಯಾರೂ ಇಲ್ಲ.

2017ರ ಜುಲೈ 6ರಂದು ರಿಝರ್ವ್ ಬ್ಯಾಂಕು ಒಂದು ಮಹತ್ವದ ಸುತ್ತೋಲೆ ಹೊರಡಿಸಿತು. ಗಿರಾಕಿಯ ಅನುಮತಿಯಿಲ್ಲದೆ, ಅವನದಾಗಲಿ ಬ್ಯಾಂಕಿನದಾಗಲಿ ತಪ್ಪಿಲ್ಲದೆ ಹಣ ಹೋಗಿ, ಅವನು ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ಅವನಿಗೆ ನಷ್ಟವಿಲ್ಲ. ನಾಲ್ಕರಿಂದ ಏಳು ದಿನವಾದರೆ ನಷ್ಟದ ಒಂದು ಮಿತಿಯವರೆಗಿನ ಪಾಲು ಅವನದು. ತಪ್ಪು ಗಿರಾಕಿಯದೆಂದು ಸಾಧಿಸುವ ಹೊಣೆ ಬ್ಯಾಂಕಿನದು. ಆದರೆ ಗುಪ್ತ ಸಂಖ್ಯೆಯನ್ನು ಅವನೇ ಹಂಚಿಕೊಂಡಿದ್ದರೆ, ತಿಳಿಸುವವರೆಗಿನ ನಷ್ಟವೆಲ್ಲ ಅವನದೇ. 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟು, 94,000 ರೂಪಾಯಿಗೂ ಮಿಕ್ಕಿ ಕಳೆದುಕೊಂಡ ಅಸ್ಸಾಮಿನ ಒಬ್ಬ ಗಿರಾಕಿಗೆ ಸ್ಟೇಟ್ ಬ್ಯಾಂಕು ಹಣ ಕೊಡಲೇಬೇಕೆಂದ ತೀರ್ಪನ್ನು ಎತ್ತಿಹಿಡಿಯಿತು. ಅವನು ಗುಪ್ತ ಸಂಖ್ಯೆಯನ್ನು ಯಾರಿಗೂ ಹೇಳಿರಲಿಲ್ಲ. ಒಂದು ದಿನದೊಳಗೇ ದೂರು ಕೊಟ್ಟಿದ್ದ.

ನಮ್ಮ ವಠಾರದ ಹಿರಿಯರ ಕಥೆ ಈ ಗೆರೆಯ ಆಚೆಗೆ ಬಿದ್ದಿತು. ಅವರ ಹಣವನ್ನು ಯಾರೂ ಕದಿಯಲಿಲ್ಲ, ಅವರಿಂದಲೇ ಕೊಡಿಸಿಕೊಂಡರು. ಸುತ್ತೋಲೆ ಕಾಯುವುದು ಅನುಮತಿಯಿಲ್ಲದೆ ಹೋದ ಹಣವನ್ನು. ಮೋಸಕ್ಕೆ ಒಳಗಾಗಿ ತಾವೇ ಕಳಿಸಿದ ಹಣವನ್ನಲ್ಲ. ಉಳಿದ ಆಸೆ ಒಂದೇ: 1930 ಎಂಬ ನಂಬರಿಗೆ ಕೂಡಲೇ ಫೋನು ಮಾಡಿ, ಹಣ ಇನ್ನೂ ಯಾವುದಾದರೊಂದು ಖಾತೆಯಲ್ಲಿ ಇರುವಾಗಲೇ ತಡೆಸುವುದು. ಅಂಚೆಯ ಪೆಟ್ಟಿಗೆಯಲ್ಲಿ ಹಣ ಇರುವಾಗಲೇ ದೂರು ಕೊಡಬೇಕಾಗಿದ್ದ ವಿ.ಪಿ. ಕಾಲದ ನ್ಯಾಯವೇ ಇದು. ಆಗ ದಿನಗಳ ಲೆಕ್ಕವಿತ್ತು, ಈಗ ನಿಮಿಷಗಳ ಲೆಕ್ಕ. ನಮ್ಮವರು ನಾಚಿಕೆಯಿಂದ ಮಕ್ಕಳಿಗೂ ಹೇಳದೆ ಎರಡು ದಿನ ಸುಮ್ಮನಿದ್ದರು. ಅಷ್ಟರಲ್ಲಿ ಖಾತೆ ಬರಿದಾಗಿತ್ತು.

ವಾಚಕರಲ್ಲಿ ನನ್ನ ಬಿನ್ನಹ ಇಷ್ಟೇ. ಟಿಕೇಟಿನ ಮೋಸಕ್ಕೆ ಒಳಗಾದವನು ದಡ್ಡನಲ್ಲ, ಊರಿನ ಸೆಳೆತವುಳ್ಳವನು. ಅವನನ್ನು ನಗೆಪಾಟಲು ಮಾಡಿದರೆ ಮುಂದಿನವನು ಬಾಯಿ ಬಿಡುವುದಿಲ್ಲ, ಆ ಮೌನವೇ ಕಳ್ಳನಿಗೆ ಲಾಭ. ಮನೆಯಲ್ಲಿ ಹಿರಿಯರಿದ್ದರೆ ಈ ಮಾತನ್ನು ಅವರಿಗೆ ಇಂದೇ ಓದಿ ಹೇಳಿರಿ: ಹಣ ಮರಳಿ ಪಡೆಯಲು ಪಿನ್ ಒತ್ತುವ ಕಾರಣವೇ ಇಲ್ಲ, ರದ್ದಾದ ಇ-ಟಿಕೇಟಿನ ಹಣ ತಾನಾಗಿಯೇ ಕೊಟ್ಟ ಖಾತೆಗೆ ಮರಳುತ್ತದೆ, ‘ಪಕ್ಕಾ ಸೀಟು’ ಎನ್ನುವ ಅಪರಿಚಿತನ ಹಿಂದೆ ಯಾವ ಶಾಹನೂ ಇಲ್ಲ.

ಕುಬಸಕ್ಕೆ ಆ ದಂಪತಿಗಳು ಮಾರನೆಯ ದಿನ ಸ್ವಾರಗೇಟಿನಿಂದ ಬಸ್ಸು ಹಿಡಿದು ಹೋದರು. ಆರತಿ ಮುಗಿದ ಮೇಲೆ ತಲುಪಿದರಂತೆ. ಹಣ ಹೋದದ್ದನ್ನು ಹಿರಿಯರು ಈಗ ಮರೆತಿದ್ದಾರೆ. ಆ ಆರತಿ ತಪ್ಪಿದ್ದನ್ನು ಅವರ ಹೆಂಡತಿ ಇನ್ನೂ ಮರೆತಿಲ್ಲ.