ಮದೀನಾದಿಂದ ಕೆಂಭಾವಿಯವರೆಗೆ: ಹಿಜಾಬ್ ಯಾರ ನಿರ್ಧಾರ?



2022ರ ಮಾರ್ಚ್ 15. ಹಿಜಾಬ್ ಇಸ್ಲಾಮಿನ ಅತ್ಯಗತ್ಯ ಧಾರ್ಮಿಕ ಆಚರಣೆಯಲ್ಲ ಎಂದು ಕರ್ನಾಟಕ ಹೈಕೋರ್ಟ್ ತೀರ್ಪು ನೀಡಿದ ದಿನ. ನಮ್ಮ ಹುಣಸಗಿಗೆ ಸಮೀಪದ ಕೆಂಭಾವಿಯ ಸರಕಾರಿ ಕಾಲೇಜಿನಲ್ಲಿ ಅಂದು ಪರೀಕ್ಷೆಯಿತ್ತು. ತೀರ್ಪಿನ ಸುದ್ದಿ ಬಂದಾಗ ಸುಮಾರು 35 ಮಂದಿ ಪರೀಕ್ಷೆ ಬಿಟ್ಟು ಹೊರನಡೆದರು. ಹಿಜಾಬಿಲ್ಲದೆ ತರಗತಿಗೆ ಬರುವುದೋ ಬೇಡವೋ ಎಂಬುದನ್ನು ಮನೆಯವರೊಡನೆ ಮಾತಾಡಿ ಹೇಳುತ್ತೇವೆ ಎಂದರು. ಹಾಗಾದರೆ ಆ ಪ್ರಶ್ನೆ ನಮ್ಮ ಮನೆಗಳಿಗೂ ಬಂತು.

ಇದರ ಇತಿಹಾಸವನ್ನು ಮದೀನಾದಿಂದಲೇ ನೋಡೋಣ. ತಲೆವಸ್ತ್ರವನ್ನು ಎದೆಯ ಮೇಲೆ ಹೊದ್ದುಕೊಳ್ಳುವಂತೆ ಪವಿತ್ರ ಕುರ್‌ಆನಿನ 24ನೇ ಅಧ್ಯಾಯದ 31ನೇ ವಚನ ಸತ್ಯವಿಶ್ವಾಸಿನಿಯರಿಗೆ ಆದೇಶಿಸುತ್ತದೆ. ಅದಕ್ಕೂ ಮೊದಲು, 30ನೇ ವಚನದಲ್ಲಿ, ದೃಷ್ಟಿ ತಗ್ಗಿಸುವ ಆದೇಶ ಪುರುಷರಿಗಿದೆ. ಈ ವಚನ ಅವತೀರ್ಣವಾದಾಗ ಸ್ತ್ರೀಯರು ತಮ್ಮ ಹೊದಿಕೆಗಳನ್ನೇ ಹರಿದು ತಲೆ ಮುಚ್ಚಿಕೊಂಡರೆಂದು ಹಝ್ರತ್ ಆಯಿಶಾ(ರ) ತಿಳಿಸಿದ್ದು ಸಹೀಹ್ ಬುಖಾರಿಯಲ್ಲಿದೆ. ಬಟ್ಟೆ ಹರಿದ ಕೈಗಳು ಅವರವೇ.

ಆ ನಿರ್ಧಾರವನ್ನು ಹೆಣ್ಣಿನ ಕೈಯಿಂದ ಕಸಿದುಕೊಂಡ ಕಾಲವೂ ಇದೆ. ಇರಾನಿನಲ್ಲಿ 1936ರಲ್ಲಿ ರಝಾ ಷಾ ಪರ್ದಾ ನಿಷೇಧಿಸಿದಾಗ ಪೊಲೀಸರು ಬೀದಿಯಲ್ಲೇ ಚಾದರ ಎಳೆದರು. ಎಷ್ಟೋ ಸ್ತ್ರೀಯರು ಮನೆಯಿಂದ ಹೊರಬರುವುದನ್ನೇ ಬಿಟ್ಟರು. 1979ರ ಕ್ರಾಂತಿಯ ನಂತರ ಅದೇ ದೇಶದಲ್ಲಿ ತಲೆ ಮುಚ್ಚುವುದು ಕಾನೂನಾಯಿತು. ತೆಗೆಸಿದವರೂ ಹಾಕಿಸಿದವರೂ ಹೆಣ್ಣಿನ ಮನಸ್ಸನ್ನು ಕೇಳಲಿಲ್ಲ.

ನಮ್ಮ ಹೆಣ್ಣುಮಕ್ಕಳನ್ನು ಕೇಳಿ ನೋಡಿ. ಅಲ್ಲಾಹನ ಆಜ್ಞೆಯೆಂದು ಒಬ್ಬಳು ಧರಿಸುತ್ತಾಳೆ. ಹಯಾ ಎಂದರೆ ಲಜ್ಜೆ ಈಮಾನಿನ ಭಾಗವೆಂದು ಇನ್ನೊಬ್ಬಳು. ಇದು ನನ್ನ ಗುರುತು ಎನ್ನುವವಳು ಮತ್ತೊಬ್ಬಳು. ಹಿರಿಯರೆದುರು ತಲೆಯ ಮೇಲೆ ಸೆರಗು ಹೊದೆಯುವುದು ನಮ್ಮ ಭಾಗದ ಹಿಂದೂ ತಾಯಂದಿರಿಗೂ ಹೊಸದಲ್ಲ. ಅವರಿಗೆ ಈ ಮಾತು ಬೇಗ ಅರ್ಥವಾಗುತ್ತದೆ.

2022ರ ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ಕೊಟ್ಟರು. ಹೇಮಂತ್ ಗುಪ್ತಾ ಮೇಲ್ಮನವಿಗಳನ್ನು ವಜಾ ಮಾಡಿದರು. ಸುಧಾಂಶು ಧುಲಿಯಾ ಇದು ಕೊನೆಗೂ ಆಯ್ಕೆಯ ವಿಷಯವೆಂದರು, ಹೆಣ್ಣುಮಗುವಿನ ಶಿಕ್ಷಣವೇ ತಮ್ಮ ಮನಸ್ಸಿನಲ್ಲಿ ಮೊದಲಿತ್ತೆಂದರು. ಮರುವರ್ಷ ದ್ವಿತೀಯ ಪಿಯು ಕಲಾ ವಿಭಾಗದಲ್ಲಿ 600ಕ್ಕೆ 593 ಅಂಕ ಪಡೆದು ರಾಜ್ಯಕ್ಕೆ ಪ್ರಥಮಳಾದವಳು, ಓದು ನಿಲ್ಲಬಾರದೆಂದು ತರಗತಿಯಲ್ಲಿ ಹಿಜಾಬ್ ತೆಗೆದಿಟ್ಟ ಮುಸ್ಲಿಮ್ ಹುಡುಗಿ. ಅವಳ ಈಮಾನನ್ನು ಅಳೆಯಲು ನಾವು ಯಾರು? ಪರೀಕ್ಷೆ ಬಿಟ್ಟು ಬಂದವರನ್ನು ಹಟಮಾರಿಗಳೆನ್ನಲು ತಾನೇ ನಾವು ಯಾರು? ಇಬ್ಬರನ್ನೂ ಈ ಇಕ್ಕಟ್ಟಿಗೆ ತಳ್ಳಿದ್ದೇ ಅನ್ಯಾಯ.

ಕರ್ಮಗಳು ನಿಯ್ಯತ್ತನ್ನು ಅವಲಂಬಿಸಿವೆ ಎಂದು ಪ್ರವಾದಿ(ಸ) ಕಲಿಸಿದ್ದಾರೆ. ಅಪ್ಪನ ಭಯಕ್ಕೆ ಹೊದ್ದ ವಸ್ತ್ರದಲ್ಲಿ ಮಗಳ ನಿಯ್ಯತ್ ಎಲ್ಲಿದೆ? ನಮ್ಮ ಮಗಳ ಆಯ್ಕೆಯನ್ನು ಗೌರವಿಸಿ ಎಂದು ಸರಕಾರವನ್ನು ಕೇಳುವ ನಾವು, ಅದೇ ಗೌರವವನ್ನು ಮನೆಯಲ್ಲಿ ಮೊದಲು ಕೊಡಬೇಕು. ಕಲಿಸೋಣ, ತಿಳಿಹೇಳೋಣ. ಆದರೆ ಯಾವ ಕಾರಣಕ್ಕೂ ಅವಳ ಓದನ್ನು ನಿಲ್ಲಿಸದಿರೋಣ.

ಅಲ್ಲಾಹನು ನಮ್ಮ ಹೆಣ್ಣುಮಕ್ಕಳಿಗೆ ಜ್ಞಾನವನ್ನೂ ಘನತೆಯನ್ನೂ ಕರುಣಿಸಲಿ. ಆಮೀನ್.