ವಿಪತ್ತು ಕಾನೂನು ಮತ್ತು ಪೀಡಿತ ತಾಲ್ಲೂಕು ಘೋಷಣೆ: ಜಮಖಂಡಿ ಸೀಮೆ

ಬಾಗಲಕೋಟೆ ಜಿಲ್ಲೆಯ ಜಮಖಂಡಿ, ಮುಧೋಳ, ಬೀಳಗಿ ಮತ್ತು ರಬಕವಿ-ಬನಹಟ್ಟಿ ತಾಲ್ಲೂಕುಗಳು ಕೃಷ್ಣಾ ಮತ್ತು ಘಟಪ್ರಭಾ ನದಿಗಳ ಬಯಲಿನಲ್ಲಿವೆ. ಎರಡೂ ನದಿಗಳು ಬೀಳಗಿ ತಾಲ್ಲೂಕಿನ ಚಿಕ್ಕಸಂಗಮದಲ್ಲಿ ಕೂಡುತ್ತವೆ. ಇಲ್ಲಿನ ನೆರೆ, ಬರ ಮತ್ತು ಕಾರ್ಖಾನೆ ಅವಘಡಗಳ ಮುನ್ಸಿದ್ಧತೆ, ಪರಿಹಾರ ಕಾರ್ಯಗಳಿಗೆ ಮುಖ್ಯ ಆಧಾರ 2005ರ ವಿಪತ್ತು ನಿರ್ವಹಣಾ ಕಾಯ್ದೆ.

ಕಾನೂನಿನ ಚೌಕಟ್ಟು

ಕಾಯ್ದೆಯ ಪ್ರಕಾರ ರಾಜ್ಯ ವಿಪತ್ತು ನಿರ್ವಹಣಾ ಪ್ರಾಧಿಕಾರಕ್ಕೆ ಮುಖ್ಯಮಂತ್ರಿ, ಜಿಲ್ಲಾ ಪ್ರಾಧಿಕಾರಕ್ಕೆ ಜಿಲ್ಲಾಧಿಕಾರಿ ಅಧ್ಯಕ್ಷರು. 31ನೇ ಕಲಂ ಪ್ರತಿ ಜಿಲ್ಲೆಗೂ ವಿಪತ್ತು ನಿರ್ವಹಣಾ ಯೋಜನೆ ಇರಬೇಕೆನ್ನುತ್ತದೆ. 34ನೇ ಕಲಂ ಆಪತ್ತಿನ ಹೊತ್ತಿನಲ್ಲಿ ಜನ ಮತ್ತು ವಾಹನಗಳ ಸಂಚಾರ ನಿಯಂತ್ರಿಸುವ, ಅವಶೇಷ ತೆರವುಗೊಳಿಸುವ, ಆಶ್ರಯ ಮತ್ತು ಆಹಾರ ಒದಗಿಸುವ ಅಧಿಕಾರವನ್ನು ಜಿಲ್ಲಾ ಪ್ರಾಧಿಕಾರಕ್ಕೆ ಕೊಡುತ್ತದೆ. ಕಾಯ್ದೆಗೆ ತಂದ ತಿದ್ದುಪಡಿ 2025ರಲ್ಲಿ ಜಾರಿಗೆ ಬಂದು, ರಾಜಧಾನಿಗಳಿಗೂ ಮಹಾನಗರ ಪಾಲಿಕೆಯುಳ್ಳ ನಗರಗಳಿಗೂ ಪ್ರತ್ಯೇಕ ನಗರ ಪ್ರಾಧಿಕಾರ ರಚಿಸಲು ಅವಕಾಶ ನೀಡಿತು. ಈ ನಾಲ್ಕು ಪಟ್ಟಣಗಳಲ್ಲಿ ಪಾಲಿಕೆ ಇಲ್ಲದ್ದರಿಂದ ಇವಕ್ಕೆಲ್ಲ ಜಿಲ್ಲಾ ಯೋಜನೆಯೇ ಆಸರೆ.

ನೆರೆ

ಇಲ್ಲಿ ಮಳೆ ಕಡಿಮೆ. ಆದರೂ ನೆರೆ ಬರುತ್ತದೆ. ಮಹಾರಾಷ್ಟ್ರದ ಸಹ್ಯಾದ್ರಿಯಲ್ಲಿ ಮಳೆ ಸುರಿದು ಕೊಯ್ನಾ ಜಲಾಶಯದಿಂದ ನೀರು ಬಿಟ್ಟರೆ ಹಿಪ್ಪರಗಿ ಬ್ಯಾರೇಜಿನಲ್ಲಿ ಒಳಹರಿವು ಏರುತ್ತದೆ. ಹಿಡಕಲ್ ಜಲಾಶಯದ ಗೇಟು ತೆರೆದರೆ ಮುಧೋಳ ಭಾಗದಲ್ಲಿ ಘಟಪ್ರಭೆ ದಡ ಮೀರುತ್ತದೆ. 2019ರ ಆಗಸ್ಟ್‌ನಲ್ಲಿ ಎರಡೂ ನದಿಗಳು ಒಟ್ಟಿಗೇ ಉಕ್ಕಿದವು. ಕೃಷ್ಣೆಯ ಆಲಮಟ್ಟಿ ಜಲಾಶಯದಿಂದ 5 ಲಕ್ಷ ಕ್ಯುಸೆಕ್‌ಗೂ ಹೆಚ್ಚು ನೀರು ಹೊರಬಿಡಬೇಕಾಯಿತು. ಆ ವರ್ಷ ಸರ್ಕಾರ 22 ಜಿಲ್ಲೆಗಳ 103 ತಾಲ್ಲೂಕುಗಳನ್ನು ನೆರೆಪೀಡಿತವೆಂದು ಘೋಷಿಸಿತು. 2021ರ ಜುಲೈನಲ್ಲಿ ನೆರೆ ಮರುಕಳಿಸಿತು. ಜಮಖಂಡಿ ತಾಲ್ಲೂಕಿನ ಮುತ್ತೂರು, ತುಬಚಿ, ಶೂರ್ಪಾಲಿ ಮತ್ತು ಮುಧೋಳ ತಾಲ್ಲೂಕಿನ ಮಿರ್ಜಿ ನೆರೆಗೆ ಸುಲಭವಾಗಿ ತುತ್ತಾಗುವ ಊರುಗಳು.

ನೀರು ಇಳಿದ ಮೇಲೆ ಪಂಚನಾಮೆ ಶುರುವಾಗುತ್ತದೆ. ಗ್ರಾಮ ಆಡಳಿತ ಅಧಿಕಾರಿ ಮತ್ತು ಎಂಜಿನಿಯರ್ ಮನೆ ಮನೆಗೆ ಹೋಗಿ, ಕುಸಿದ ಮಣ್ಣಿನ ಗೋಡೆಯ ಮುಂದೆ ಮನೆಯವರನ್ನು ನಿಲ್ಲಿಸಿ ಫೋಟೊ ತೆಗೆಯುತ್ತಾರೆ. ಹಾನಿ ಶೇ 75 ಮೀರಿದ್ದರೆ 'ಎ', 25ರಿಂದ 75 ಇದ್ದರೆ 'ಬಿ', 15ರಿಂದ 25 ಇದ್ದರೆ 'ಸಿ' ವರ್ಗ. 2019ರಲ್ಲಿ 'ಎ' ವರ್ಗದ ಮನೆಗೆ ₹5 ಲಕ್ಷ ನಿಗದಿಯಾಗಿತ್ತು. ಆ ಒಂದಕ್ಷರದ ಮೇಲೆ ಒಂದು ಕುಟುಂಬದ ಮುಂದಿನ ಬದುಕು ನಿಂತಿರುವುದರಿಂದ ಪಂಚನಾಮೆ ಅತ್ಯಂತ ಜವಾಬ್ದಾರಿಯ ಕೆಲಸ.

ಬರ

ಬರ ಘೋಷಣೆಗೆ ಕೇಂದ್ರದ 2016ರ ಬರ ಕೈಪಿಡಿಯೇ ಅಳತೆಗೋಲು. ಮೊದಲು ಮಳೆ ಕೊರತೆ, ನಂತರ ಬಿತ್ತನೆ ಪ್ರದೇಶ, ಮಣ್ಣಿನ ತೇವಾಂಶ, ಉಪಗ್ರಹ ಚಿತ್ರದಲ್ಲಿ ಕಾಣುವ ಬೆಳೆಯ ಸ್ಥಿತಿ, ಜಲಾಶಯ ಮತ್ತು ಅಂತರ್ಜಲದ ಮಟ್ಟ ನೋಡುತ್ತಾರೆ. ಕೊನೆಗೆ ಶೇ 10ರಷ್ಟು ಹಳ್ಳಿಗಳಲ್ಲಿ ಹೊಲಕ್ಕೇ ಇಳಿದು ಪರಿಶೀಲಿಸುತ್ತಾರೆ. ಮಳೆಯ ಲೆಕ್ಕ ಕೊಡುವುದು ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ. 1988ರಲ್ಲಿ ಇದು ಬರ ಉಸ್ತುವಾರಿ ಘಟಕವಾಗಿ ಆರಂಭವಾಯಿತು. 2023ರ ಸೆಪ್ಟೆಂಬರ್‌ನಲ್ಲಿ ಸರ್ಕಾರ ಮೊದಲ ಪಟ್ಟಿಯಲ್ಲಿ 195 ತಾಲ್ಲೂಕುಗಳನ್ನು ಬರಪೀಡಿತವೆಂದು ಘೋಷಿಸಿತು. ಮುಂದೆ ಆ ಸಂಖ್ಯೆ 223ಕ್ಕೆ ಏರಿತು.

ನೆರವಿನ ನಿಧಿ

ರಾಜ್ಯ ವಿಪತ್ತು ಸ್ಪಂದನಾ ನಿಧಿಯಲ್ಲಿ ಕೇಂದ್ರದ ಪಾಲು ಶೇ 75, ರಾಜ್ಯದ್ದು ಶೇ 25. ಬೆಳೆ ನಷ್ಟಕ್ಕೆ ನೆರವು ಸಿಗಲು ಬೆಳೆ ಕನಿಷ್ಠ ಶೇ 33ರಷ್ಟು ಹಾಳಾಗಿರಬೇಕು. 2022ರ ಮಾನದಂಡದಂತೆ ಹೆಕ್ಟೇರಿಗೆ ಮಳೆಯಾಶ್ರಿತ ಬೆಳೆಗೆ ₹8,500, ನೀರಾವರಿ ಬೆಳೆಗೆ ₹17,000, ಗರಿಷ್ಠ 2 ಹೆಕ್ಟೇರ್. ಕೈಮಗ್ಗ ನೇಕಾರರ ಉಪಕರಣ ಮತ್ತು ಕಚ್ಚಾ ಸಾಮಗ್ರಿಯ ನಷ್ಟಕ್ಕೂ ನೆರವುಂಟು. ನೂಲಿನ ಊರಾದ ರಬಕವಿ-ಬನಹಟ್ಟಿಗೆ ಇದು ಮುಖ್ಯ: ಕುಣಿಮಗ್ಗದ ಮನೆಗೆ ನೀರು ನುಗ್ಗಿದರೆ ಮೊದಲು ತುಂಬುವುದು ಕುಣಿಯೇ.

ಕಾರ್ಖಾನೆ ಅವಘಡ

ರಾಸಾಯನಿಕ ಅವಘಡಗಳಿಗೆ 1996ರ ರಾಸಾಯನಿಕ ಅಪಘಾತ ನಿಯಮಗಳು ಜಿಲ್ಲಾ ಮತ್ತು ಸ್ಥಳೀಯ ಬಿಕ್ಕಟ್ಟು ತಂಡಗಳನ್ನು ಕಡ್ಡಾಯ ಮಾಡಿವೆ. ಸಕ್ಕರೆ ಮತ್ತು ಡಿಸ್ಟಿಲರಿಗಳ ಈ ನಾಡಿನಲ್ಲಿ ಇವು ಬರೀ ಕಾಗದವಾಗಬಾರದು. 2018ರ ಡಿಸೆಂಬರ್‌ನಲ್ಲಿ ಮುಧೋಳ ಬಳಿಯ ಡಿಸ್ಟಿಲರಿಯೊಂದರ ಸ್ಫೋಟದಲ್ಲಿ ನಾಲ್ವರು ಸತ್ತರು.

ಸ್ಪಂದನಾ ನಿಧಿಯ ಪಟ್ಟಿಯಲ್ಲಿ ನೆರೆ, ಬರ, ಬೆಂಕಿ, ಆಲಿಕಲ್ಲು ಸೇರಿ 12 ವಿಪತ್ತುಗಳಿವೆ. ಕಾರ್ಖಾನೆಯ ರಾಸಾಯನಿಕ ಸೋರಿಕೆ ಇಲ್ಲ. ಅಂಥ ಅವಘಡದ ಸಂತ್ರಸ್ತರು ಸಾರ್ವಜನಿಕ ಹೊಣೆ ವಿಮೆಯ 1991ರ ಕಾಯ್ದೆಯಂಥ ಬೇರೆ ಕಾನೂನುಗಳನ್ನು ನೆಚ್ಚಬೇಕು. ಹೀಗಾಗಿ ಜಿಲ್ಲಾ ಯೋಜನೆಯಲ್ಲಿ ನದಿ ದಂಡೆಯಷ್ಟೇ ಗಮನ ಕಾರ್ಖಾನೆಯ ಸುತ್ತಲಿನ ಊರುಗಳಿಗೂ ಸಲ್ಲಬೇಕು.